ಹಳಿ ಕಿತ್ತ ಹಾದಿಗೆ ನಕ್ಷೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಇಂಗ್ಲೆಂಡಿನ ಬಾತ್ ನಗರದಲ್ಲಿ ನೆಲೆಸಿರುವ ಕನ್ನಡಿಗ ನಾನು. ದಿನವೂ ನಡೆದಾಡುವ ಎರಡು ಸುರಂಗಗಳ ಹಾದಿಯು ಹಿಂದೆ ಸಾಮರ್‌ಸೆಟ್ ಅಂಡ್ ಡಾರ್ಸೆಟ್ ರೈಲುಮಾರ್ಗವಾಗಿತ್ತೆಂದು ತಿಳಿದ ಮೇಲೆ, ಮಿಡ್‌ಫರ್ಡ್‌ವರೆಗಿನ ಭಾಗಕ್ಕೆ ನಕ್ಷೆ ಬರೆಯಲು ಕುಳಿತೆ. ಆದರೆ ಕಂಪನಿಯು ಸಂಸತ್ತಿಗೆ ಸಲ್ಲಿಸಿದ್ದ ನಕ್ಷೆಯ ಗೆರೆಯೂ ವಿಮಾನದಿಂದ ತೆಗೆದ ಹಳೆಯ ಚಿತ್ರದ ಹಾದಿಯೂ ಒಂದರ ಮೇಲೊಂದು ಕೂರುತ್ತಿಲ್ಲ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಬಹುದು, ಆದರೆ ಅವು ಹೇಳುತ್ತಿರುವುದು ಬೇರೆ ಬೇರೆ ಸಂಗತಿಗಳನ್ನು. ಸಂಸತ್ತಿಗೆ ಸಲ್ಲಿಸಿದ ನಕ್ಷೆಯು ಕಂಪನಿ ಕೇಳಿಕೊಂಡ ಅನುಮತಿಯ ಪತ್ರವೇ ಹೊರತು ಹಾಸಿದ ಹಳಿಯ ಚಿತ್ರವಲ್ಲ. ಬ್ರಿಟನ್ನಿನ 1845ರ ರೈಲ್ವೆ ಕಾಯ್ದೆಯ ಪ್ರಕಾರ, ನಕ್ಷೆಯಲ್ಲಿ ತೋರಿಸಿದ ನಡುಗೆರೆಯಿಂದ ಊರೊಳಗೆ 10 ಗಜದವರೆಗೆ, ಊರ ಹೊರಗೆ 100 ಗಜದವರೆಗೆ ಅತ್ತಿತ್ತ ಸರಿಯಲು ಕಂಪನಿಗೆ ಅವಕಾಶವಿತ್ತು. ನಿಮ್ಮ ಮಾರ್ಗಕ್ಕೆ 1871ರಲ್ಲಿ ಅನುಮತಿ ದೊರೆತು, ಮೊದಲ ರೈಲು ಓಡಿದ್ದು 1874ರ ಜುಲೈ 20ರಂದು. ನಡುವಿನ ಆ ಮೂರು ವರ್ಷಗಳಲ್ಲಿ ಎಂಜಿನಿಯರುಗಳು ನೆಲವನ್ನು ನೋಡಿ ಗೆರೆಯನ್ನು ಸರಿಸಿದ್ದರೆ ಅದು ಸಹಜವೇ. ಆದುದರಿಂದ ಹಾದಿ ಎಲ್ಲಿತ್ತು ಎಂಬುದಕ್ಕೆ ಚಿತ್ರವನ್ನೂ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 25 ಇಂಚಿನ (ನೆಲದ ಒಂದು ಮೈಲಿಗೆ ಕಾಗದದಲ್ಲಿ 25 ಇಂಚು) ನಕ್ಷೆಯನ್ನೂ ಆಧಾರವಾಗಿಟ್ಟುಕೊಳ್ಳಿ. ಯಾವಾಗ ಮತ್ತು ಏಕೆ ಎಂಬುದಕ್ಕೆ ಕಡತಗಳತ್ತ ಹೋಗಿ.

ಹಾಗೆಂದು ಚಿತ್ರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಬ್ರಿಟಿಷ್ ವಾಯುಪಡೆಯು 1940ರ ದಶಕದಲ್ಲಿ ದೇಶವನ್ನೆಲ್ಲ ಸುಮಾರು 1:10,000 ಪ್ರಮಾಣದಲ್ಲಿ ಸೆರೆಹಿಡಿದ ಚಿತ್ರಗಳಲ್ಲಿ ನಡುಭಾಗ ಮಾತ್ರ ಸರಿಯಾಗಿ ಮೇಲಿನಿಂದ ನೋಡಿದಂತಿರುತ್ತದೆ. ಅಂಚಿಗೆ ಹೋದಂತೆ ಗುಡ್ಡದ ನೆತ್ತಿ ಹೊರಕ್ಕೆ ವಾಲುತ್ತದೆ, ಕಣಿವೆ ಒಳಕ್ಕೆ ಜಗ್ಗುತ್ತದೆ. ಬಾತ್‌ನ ದಕ್ಷಿಣಕ್ಕೆ ಬರೀ ಗುಡ್ಡ ಕಣಿವೆಗಳೇ ಇರುವುದರಿಂದ ನಿಮ್ಮ ವ್ಯತ್ಯಾಸದಲ್ಲಿ ಸ್ವಲ್ಪ ಪಾಲು ಈ ವಾಲಿಕೆಯದೂ ಆಗಿರಬಹುದು. ಇಂಥ ಹಾರಾಟಗಳಲ್ಲಿ ಒಂದು ಚಿತ್ರದ ಸುಮಾರು ಶೇ 60 ಭಾಗವು ಮುಂದಿನ ಚಿತ್ರದಲ್ಲಿ ಮತ್ತೆ ಬರುತ್ತಿತ್ತು. ಹಾಗಾಗಿ ಪ್ರತಿಯೊಂದರ ನಡುಭಾಗವನ್ನಷ್ಟೇ ಬಳಸಿ ಹಾದಿಯನ್ನು ಜೋಡಿಸುತ್ತ ಹೋಗಬಹುದು. ಇಂದಿನ ನಕ್ಷೆಗೆ ಕೂರಿಸುವಾಗ ಚರ್ಚಿನ ಗೋಪುರದ ತುದಿಯನ್ನಲ್ಲ, ಬುಡವನ್ನು ಗುರುತಾಗಿ ಹಿಡಿಯಿರಿ.

ಸುರಂಗದ ವಿಷಯ ಇನ್ನೂ ಸ್ವಾರಸ್ಯಕರವಾಗಿದೆ. ಉದ್ದನೆಯ ಸುರಂಗಗಳಿಗೆ ಸಾಮಾನ್ಯವಾಗಿ ಗಾಳಿಬಾವಿಗಳು, ಅಂದರೆ ಒಳಗೆ ಗಾಳಿಯಾಡಲು ಮೇಲಿನಿಂದ ತೋಡಿದ ಬಾವಿಗಳು, ಇರುತ್ತವೆ; ಅವುಗಳ ಸಾಲು, ಪಕ್ಕದ ಮಣ್ಣಿನ ಗುಡ್ಡೆಗಳು ಮೇಲಿನಿಂದ ಕಂಡು, ಒಳಗಿನ ದಾರಿಯನ್ನು ಹೊರಗೇ ಬರೆದಿಟ್ಟಂತಿರುತ್ತದೆ. ಆದರೆ ನಿಮ್ಮ ಹಾದಿಯ ಎರಡು ಸುರಂಗಗಳಲ್ಲೊಂದಾದ, 1,829 ಗಜ ಉದ್ದದ ಕೂಂಬ್ ಡೌನ್ ಸುರಂಗಕ್ಕೆ ಒಂದೂ ಗಾಳಿಬಾವಿ ಇರಲಿಲ್ಲ. ಲಿಂಕಂಬ್ ವೇಲ್ ಕಡೆಯದೊಂದು, ಟಕಿಂಗ್ ಮಿಲ್ ಕಡೆಯದೊಂದು, ಹೀಗೆ ಎರಡು ಬಾಯಿಗಳಷ್ಟೇ ಚಿತ್ರದಲ್ಲಿ ಸಿಗುತ್ತವೆ. ನಡುವೆ ನೀವು ಎಳೆದ ಗೆರೆಯ ಉದ್ದವನ್ನು ದಾಖಲೆಯ 1,829 ಗಜಕ್ಕೆ ಹೋಲಿಸಿ ನೋಡಿ. ಗಾಳಿಯಿಲ್ಲದ ಆ ಸುರಂಗದಲ್ಲಿ 1929ರ ನವೆಂಬರಿನಲ್ಲಿ ಸರಕುಗಾಡಿಯೊಂದರ ಎಂಜಿನ್ ಸಿಬ್ಬಂದಿ ಹೊಗೆಗೆ ಪ್ರಜ್ಞೆ ತಪ್ಪಿ, ಗಾಡಿಯು 50ಕ್ಕೆ 1ರ ಇಳಿಜಾರಿನಲ್ಲಿ ಅಂಕೆಯಿಲ್ಲದೆ ಬಾತ್‌ನ ಯಾರ್ಡಿಗೆ ನುಗ್ಗಿ ಮೂವರು ಸತ್ತರು. ಇಂಥ ಅಪಘಾತಗಳ ಅಧಿಕೃತ ತನಿಖಾ ವರದಿಗಳಲ್ಲಿ ಇಳಿಜಾರು, ಸಿಗ್ನಲ್ಲು, ದೂರಗಳ ವಿವರ ಸಿಗುತ್ತದೆ. ದುಃಖದ ಕಡತವಾದರೂ ನಕ್ಷೆ ಬರೆಯುವವರಿಗೆ ಅದರಷ್ಟು ಉಪಕಾರಿಯಾದದ್ದು ಕಡಿಮೆ.

ಮಿಡ್‌ಫರ್ಡ್ ತಲುಪಿದಾಗ ಎಚ್ಚರವಾಗಿರಿ. ಅಲ್ಲಿನ ಸೇತುವೆಯ ಕೆಳಗೆ ಹಾದುಹೋಗುತ್ತಿದ್ದ ಇನ್ನೊಂದು ರೈಲುಮಾರ್ಗವನ್ನು ಗ್ರೇಟ್ ವೆಸ್ಟರ್ನ್ ಕಂಪನಿಯು ಬಹುಮಟ್ಟಿಗೆ ಹಳೆಯ ಸಾಮರ್‌ಸೆಟ್ ಕಲ್ಲಿದ್ದಲು ಕಾಲುವೆಯ ಪಾತ್ರವನ್ನೇ ಹಿಡಿದು ನಿರ್ಮಿಸಿ 1910ರಲ್ಲಿ ಆರಂಭಿಸಿತ್ತು. ಸಮಮಟ್ಟವನ್ನು ಹಿಡಿದು ಗುಡ್ಡದ ಸೆರಗಿನಲ್ಲಿ ಹೊರಳುತ್ತ ಹೋದರೆ ಕಾಲುವೆ, ವಿಶಾಲ ತಿರುವಿನಲ್ಲಿ ಹೊಲಗಳನ್ನು ಓರೆಯಾಗಿ ಸೀಳಿಕೊಂಡು ಹೋದರೆ ರೈಲು ಎಂಬ ಸಾಮಾನ್ಯ ಲೆಕ್ಕ ಅಲ್ಲಿ ಕೈಕೊಡುತ್ತದೆ. ಗೆರೆಯ ಪ್ರತಿ ತುಂಡಿಗೂ ಅದು ಯಾವ ಚಿತ್ರದಿಂದ, ಯಾವ ವರ್ಷದ ಯಾವ ನಕ್ಷೆಯಿಂದ ಬಂದಿತೆಂದು ಪಕ್ಕದಲ್ಲೇ ಬರೆದಿಡಿ. ನಿಮ್ಮ ಮಾರ್ಗವನ್ನು 1966ರ ಮಾರ್ಚ್‌ನಲ್ಲಿ ಮುಚ್ಚಲಾಯಿತು. ಸುರಂಗಗಳು ನಡಿಗೆಗೆ, ಸೈಕಲ್ಲಿಗೆ ತೆರೆದದ್ದು 2013ರಲ್ಲಿ. ವಾಯುಪಡೆಯ ಚಿತ್ರಗಳನ್ನು ನೋಡಲು ಸ್ವಿಂಡನ್‌ನಲ್ಲಿರುವ ಹಿಸ್ಟಾರಿಕ್ ಇಂಗ್ಲೆಂಡ್ ಪತ್ರಾಗಾರಕ್ಕೆ ಬರೆಯಿರಿ. ಅದಿರುವುದು ಗ್ರೇಟ್ ವೆಸ್ಟರ್ನ್ ರೈಲ್ವೆಯ ಹಳೆಯ ಕಾರ್ಖಾನೆಯ ಆವರಣದಲ್ಲೇ!

ಪ್ರಶ್ನೆ: ಕೋಲಾರ–ಚಿಕ್ಕಬಳ್ಳಾಪುರ ನಡುವಿನ ಹಳೆಯ ನ್ಯಾರೋಗೇಜ್ ಹಾದಿಗೂ ಹೀಗೆ ನಕ್ಷೆ ಮಾಡಬಹುದೇ? ನಮ್ಮಲ್ಲಿ ಅಂಥ ಚಿತ್ರಗಳು ಎಲ್ಲಿ ಸಿಗುತ್ತವೆ? (ಚಿಂತಾಮಣಿಯ ಓದುಗರು)

ಉತ್ತರ: ಮಾಡಬಹುದು. ಭಾರತದಲ್ಲಿ ತೆಗೆದ ಹಳೆಯ ವಿಮಾನಚಿತ್ರಗಳು ಸಾಮಾನ್ಯರ ಕೈಗೆ ಸುಲಭವಾಗಿ ಸಿಗುವುದಿಲ್ಲ, ಆದರೆ ಅಮೆರಿಕದ ಕೊರೋನಾ ಎಂಬ ಬೇಹುಗಾರಿಕೆ ಉಪಗ್ರಹಗಳು (ರೋಗಕ್ಕೂ ಇದಕ್ಕೂ ಸಂಬಂಧವಿಲ್ಲ) 1960ರಿಂದ 1972ರವರೆಗೆ ತೆಗೆದ 8 ಲಕ್ಷಕ್ಕೂ ಹೆಚ್ಚು ಚಿತ್ರಗಳ ಗೋಪ್ಯತೆಯನ್ನು ಆ ದೇಶ 1995ರಲ್ಲಿ ತೆರವುಗೊಳಿಸಿತು. ಅವುಗಳಲ್ಲಿ ಉತ್ತಮವಾದವು ನೆಲದ ಮೇಲಿನ ಸುಮಾರು 6 ಅಡಿಯ ವಸ್ತುವನ್ನು ತೋರಿಸುತ್ತವೆ. ಎರಡೂವರೆ ಅಡಿ ಅಗಲದ ನಿಮ್ಮ ಹಳಿ ಕಾಣುವುದಿಲ್ಲ, ಅದು ಮಲಗಿದ್ದ ಏರಿ ಕಾಣಬಹುದು. ಬ್ರಾಡ್‌ಗೇಜ್ ಆಗಿ 2013ರಲ್ಲಿ ಮತ್ತೆ ತೆರೆದ ಮಾರ್ಗದ ಇಂದಿನ ಉಪಗ್ರಹ ಚಿತ್ರವನ್ನು ಅದರ ಪಕ್ಕದಲ್ಲಿಟ್ಟು, ಎಲ್ಲಾದರೂ ಹಳೆಯ ತಿರುವನ್ನು ಬಿಟ್ಟು ನೇರ ಮಾಡಿದ್ದಾರೆಯೇ ಎಂದು ನೋಡಿ.

ಕೋಲಾರ ಸೀಮೆಯಲ್ಲಿ ಕಣ್ಣಿಗೆ ಮೋಸವಾಗುವುದು ಕೆರೆ ಏರಿಗಳಿಂದ. ಕೆರೆ ಏರಿಯು ಬಿಲ್ಲಿನಂತೆ ಬಾಗಿ ಎರಡು ದಿಣ್ಣೆಗಳ ನಡುವೆ ಮುಗಿದುಹೋಗುತ್ತದೆ, ರೈಲಿನ ಏರಿ ದಿಣ್ಣೆಯನ್ನು ಕಡಿದುಕೊಂಡು ಆಚೆಗೂ ಮುಂದುವರಿಯುತ್ತದೆ. ಚಿತ್ರ ಕೂರಿಸಲು ಕೆರೆಯನ್ನೇ ಗುರುತಾಗಿ ಹಿಡಿಯುವುದಾದರೆ ನೀರಿನ ಅಂಚನ್ನು ಮುಟ್ಟಬೇಡಿ, ಅದು ಮಳೆಗಾಲಕ್ಕೊಂದು ಬೇಸಿಗೆಗೊಂದು. ಕಲ್ಲಿನಲ್ಲಿ ಕಟ್ಟಿದ ಕೋಡಿಯನ್ನು ಹಿಡಿಯಿರಿ.