ಆಫೀಸ್ ಕೆಲಸಕ್ಕೆ ನಾನೇ ಮನೆಯಲ್ಲಿ ಬರೆದ ಸಾಫ್ಟ್‌ವೇರ್ ಯಾರದ್ದು? ಕೆಲಸ ಬಿಟ್ಟಮೇಲೆ ಮಾರಬಹುದಾ?

ಸ್ವಂತ ಲ್ಯಾಪ್‌ಟಾಪ್, ರಾತ್ರಿ ಹೊತ್ತು, ಮನೆಯಲ್ಲಿ ಕೂತು ಬರೆದದ್ದು, ಹಾಗಾಗಿ ನನ್ನದೇ ಅಂತೀರಿ. ನಾನೂ ಇದೇ ಮಾತು ಹೇಳಿಕೊಂಡು ಓಡಾಡಿದವನು.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಜಿಎಸ್‌ಟಿ ಬಂದಮೇಲೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿರುವ ಖರೀದಿ ಬಿಲ್‌ಗಳನ್ನು ಪೋರ್ಟಲ್‌ನ 2ಎ ಪಟ್ಟಿ (ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿ) ಜೊತೆ ತಾಳೆ ನೋಡುವುದೇ ದೊಡ್ಡ ಕೆಲಸವಾಯಿತು. ಸಪ್ಲೈಯರ್ ‘ಐಎನ್‌ವಿ/045/18-19’ ಅಂತ ಹಾಕಿದ್ದನ್ನು ನಮ್ಮವರು ಬರೀ ‘45’ ಅಂತ ಎಂಟ್ರಿ ಮಾಡಿರುತ್ತಿದ್ದರು. ಎಕ್ಸೆಲ್‌ನ ವಿಲುಕಪ್ (ಒಂದು ಪಟ್ಟಿಯದ್ದನ್ನು ಇನ್ನೊಂದರಲ್ಲಿ ಹುಡುಕುವ ಸೂತ್ರ) ಅಲ್ಲೇ ಕೈಕೊಡುತ್ತಿತ್ತು. ನಾನು ಪೈಥಾನ್ ಕಲಿತು, ನಂಬರಿನ ಗೆರೆ, ಮುಂದಿನ ಸೊನ್ನೆ, ವರ್ಷ ಎಲ್ಲ ಕಿತ್ತು, ಜಿಎಸ್‌ಟಿ ನಂಬರ್ ಮತ್ತು ತೆರಿಗೆ ಮೊತ್ತ ಜೋಡಿಸಿ ತಾಳೆ ಹಾಕುವ ಪ್ರೋಗ್ರಾಂ ಬರೆದೆ. ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯತೊಡಗಿತು. ಮಾಲೀಕರಿಗೆ ತುಂಬಾ ಖುಷಿಯಾಯಿತು, ಸಂಬಳ ಜಾಸ್ತಿ ಮಾಡಿದರು.

ನಾನು ಕೆಟ್ಟದ್ದು ಆ ಇನ್‌ಕ್ರಿಮೆಂಟ್ ಲೆಟರ್‌ನಲ್ಲೇ. ಮೊದಲ ಪುಟದಲ್ಲಿ ಹೊಸ ಸಂಬಳ ಇತ್ತು, ಅದನ್ನು ನೋಡಿದೆ. ಹಿಂದಿನ ಪುಟ ಓದದೆಯೇ ಸಹಿ ಹಾಕಿದೆ. ಅಲ್ಲಿ ನನ್ನ ಪ್ರೋಗ್ರಾಂ ಹೆಸರು ಸಮೇತ ಬರೆದು, ಅದರ ಎಲ್ಲ ಹಕ್ಕೂ ಕಂಪನಿಯದ್ದು, ಶಾಶ್ವತವಾಗಿ, ಪ್ರಪಂಚದ ಎಲ್ಲ ಕಡೆ ಅಂತ ಇತ್ತು. ಈ ಒಂದೊಂದು ಪದಕ್ಕೂ ಬೆಲೆ ಇದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬಿಟ್ಟುಕೊಡಬೇಕಾದರೆ ಬರವಣಿಗೆಯಲ್ಲಿರಬೇಕು, ಬಿಟ್ಟುಕೊಡುವವರ ಸಹಿ ಇರಬೇಕು, ಯಾವ ಕೃತಿ ಅಂತ ಗುರುತಿಸಿರಬೇಕು. ಎಷ್ಟು ಕಾಲ ಅಂತ ಬರೆಯದಿದ್ದರೆ 5 ವರ್ಷ ಮಾತ್ರ. ಎಲ್ಲಿ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪತ್ರ ಬರೆದವರಿಗೆ ಇದೆಲ್ಲ ಗೊತ್ತಿತ್ತು. ಒಂದು ಸಂದೂ ಬಿಟ್ಟಿರಲಿಲ್ಲ. ಸಹಿ ಹಾಕುವ ಹಿಂದಿನ ದಿನದವರೆಗೂ ನನಗೆ ವಾದ ಮಾಡಲು ಜಾಗ ಇತ್ತು, ಯಾಕೆಂದರೆ ನನ್ನನ್ನು ತೆಗೆದುಕೊಂಡದ್ದು ಲೆಕ್ಕ ಬರೆಯಲು, ಕೋಡ್ ಬರೆಯಲು ಅಲ್ಲ. ಆಮೇಲೆ ಒಬ್ಬ ಆಡಿಟರ್ ತಮ್ಮ ಕ್ಲೈಂಟ್‌ಗಳಿಗೆ ಬೇಕು ಅಂತ ಕೇಳಿದರು, ನಾನು ಒಪ್ಪಿಕೊಂಡೆ, ಕಂಪನಿಯಿಂದ ವಕೀಲರ ನೋಟಿಸ್ ಬಂತು. ಜೊತೆಗೆ ನನ್ನದೇ ಸಹಿ ಇರುವ ಆ ಪುಟದ ಜೆರಾಕ್ಸ್. ವ್ಯವಹಾರವೂ ಹೋಯಿತು, ಕೆಲಸವೂ ಹೋಯಿತು.

ಅದಕ್ಕೇ ಹೇಳುತ್ತಿದ್ದೇನೆ, ನೀವು ಕೇಳುತ್ತಿರುವ ಪ್ರಶ್ನೆಯೇ ಸರಿಯಿಲ್ಲ. ಯಾರ ಲ್ಯಾಪ್‌ಟಾಪ್, ಎಷ್ಟು ಗಂಟೆಗೆ ಅನ್ನುವುದರ ಮೇಲೆ ಇದು ನಿಲ್ಲುವುದಿಲ್ಲ. ಅದೇ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ನೋಡುವುದು ನೌಕರಿಯ ಭಾಗವಾಗಿ ಮಾಡಿದ್ದಾ ಅಂತ. ಹೌದಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಮಾಲೀಕ ಕಂಪನಿಯೇ. ನೀವು ಡೆವಲಪರ್ ಅಂತಲೇ ಸಂಬಳ ತಗೊಳ್ಳುತ್ತಿದ್ದರೆ, ಆಫೀಸಿನ ಕೆಲಸಕ್ಕೇ ಬರೆದಿದ್ದರೆ, ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಕೂತು ಬರೆದಿದ್ದೀರಿ ಅನ್ನುವುದೊಂದರಿಂದ ಅದು ನಿಮ್ಮದಾಗಲ್ಲ. ಸ್ವಂತ ಸಮಯದಲ್ಲಿ ಮಾಡಿದ್ದು ಸ್ವಂತದ್ದು ಅಂತ ಇಂಟರ್ನೆಟ್‌ನಲ್ಲಿ ಓದಿರುತ್ತೀರಿ, ಅದು ಕ್ಯಾಲಿಫೋರ್ನಿಯಾದ ಕಾನೂನು, ಅಲ್ಲೂ ಕಂಪನಿಯ ವ್ಯವಹಾರಕ್ಕೆ ಸಂಬಂಧಪಟ್ಟಿದ್ದರೆ ಆ ರಕ್ಷಣೆ ಸಿಗಲ್ಲ. ಫ್ರೀಲಾನ್ಸ್ ಮಾಡುವವರ ಕಥೆ ಬೇರೆ, ಹಕ್ಕು ಬರೆದುಕೊಡದಿದ್ದರೆ ಸಾಮಾನ್ಯವಾಗಿ ಕೋಡ್ ಅವರದ್ದೇ.

ಆಫರ್ ಲೆಟರ್‌ನಿಂದ ಹಿಡಿದು ಇದುವರೆಗೆ ಸಹಿ ಹಾಕಿದ ಪ್ರತಿ ಕಾಗದ ತೆಗೆದು, ಹಿಂಬದಿ ಸಮೇತ ಓದಿ. ರಾಜೀನಾಮೆ ಕೊಡುವ ಮೊದಲು ಓದಿ. ಯಾವುದರಲ್ಲೂ ಏನೂ ಇಲ್ಲ, ನಿಮ್ಮ ಹುದ್ದೆಗೂ ಕೋಡಿಗೂ ಸಂಬಂಧ ಇಲ್ಲ ಅಂದರೆ ಒಬ್ಬ ವಕೀಲರಿಗೆ ಫೀಸ್ ಕೊಟ್ಟು ಕೇಳಿ, ಆ ದುಡ್ಡು ದಂಡ ಅಲ್ಲ. ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡು ಹೋಗುವ ಯೋಚನೆ ಮಾತ್ರ ಈಗಲೇ ಬಿಡಿ.

ನನ್ನನ್ನು ಕೇಳಿದರೆ ಆ ಹಳೇ ಕೋಡಿಗಾಗಿ ಜಗಳಕ್ಕೇ ಇಳಿಯಬೇಡಿ. ಕಾಪಿರೈಟ್ ಇರುವುದು ಬರೆದ ಕೋಡಿಗೆ, ಅದರ ಹಿಂದಿನ ಐಡಿಯಾಗೆ ಅಲ್ಲ. ನಾನು ಕೆಲಸ ಹೋದಮೇಲೆ ಹಳೇ ಫೈಲ್ ತೆರೆಯದೆ, ಕಾರ್ಖಾನೆಯ ಒಂದು ಬಿಲ್ಲನ್ನೂ ಮುಟ್ಟದೆ, ಮೊದಲಿಂದ ಬರೆದೆ. ಈ ಸಲ ಪೋರ್ಟಲ್‌ನಲ್ಲಿ ಆಮೇಲೆ ಬಂದ 2ಬಿ ಪಟ್ಟಿಗೂ ಹೊಂದುವ ಹಾಗೆ. ಅದೇ ಆಡಿಟರ್ ಈಗ ಅದನ್ನು ಬಳಸುತ್ತಾರೆ, ಲೈಸೆನ್ಸ್ ಕಾಗದದಲ್ಲಿ ಮಾಲೀಕರ ಜಾಗದಲ್ಲಿ ನನ್ನ ಹೆಸರಿದೆ. ನೀವೂ ಅಷ್ಟೇ, ಗೋಪ್ಯತೆಯ ಷರತ್ತು ಏನಿದೆ ಅಂತ ನೋಡಿಕೊಂಡು, ಕೆಲಸ ಬಿಟ್ಟ ಮೇಲೆಯೇ ಶುರು ಮಾಡಿ.