ಬಿಟ್ಟ ಜಾಗ ದಂಡವಲ್ಲ

ಬೆಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ: ‘ನನ್ನದು 30x40 ಸೈಟು. ದುಡಿದದ್ದನ್ನೆಲ್ಲ ಸುರಿದು ಕೊಂಡಿದ್ದು. ಮನೆಯ ಸುತ್ತ ಜಾಗ ಬಿಡಬೇಕು ಅನ್ನುತ್ತೆ ಕಟ್ಟಡದ ಬೈಲಾ. ನಮ್ಮ ರಸ್ತೆಯಲ್ಲಿ ಒಬ್ಬರೂ ಬಿಟ್ಟಿಲ್ಲ. ಪಕ್ಕದ ಸೈಟು ಇನ್ನೂ ಖಾಲಿ, ನಾಳೆ ಅವರೂ ಬಿಡುವುದಿಲ್ಲ. ನಾನೊಬ್ಬನೇ ಯಾಕೆ ಬಿಡಬೇಕು?’

ನಿಮ್ಮ ಸಂಕಟ ಸುಳ್ಳಲ್ಲ. 1200 ಚದರಡಿಯಲ್ಲಿ ಮೆಟ್ಟಿಲು, ಕಾರು, ಎರಡು ರೂಮು ಕೂರಿಸುವುದು ಕಷ್ಟವೇ. ಚಿಕ್ಕ ಸೈಟಿನವರಿಗೆ ಈ ನಿಯಮದ ಬಿಸಿ ಜಾಸ್ತಿ ತಟ್ಟುತ್ತೆ, ಒಪ್ಪಿದೆ. ಆದರೆ ‘ನಾನೊಬ್ಬನೇ ಯಾಕೆ’ ಅನ್ನುವ ಮಾತು ಇಷ್ಟು ತಿಳಿದು ಬರೆಯುವ ನಿಮ್ಮಿಂದ ಬರಬಾರದಿತ್ತು.

ನನ್ನ ಗೆಳೆಯರೊಬ್ಬರು ಗಡಿವರೆಗೂ ಗೋಡೆ ಎಬ್ಬಿಸಿದರು. ಪಕ್ಕದವರೂ ಎಬ್ಬಿಸಿದರು. ನಡುವೆ ಉಳಿದದ್ದು ಗೇಣುದ್ದದ ಸಂದು. ಸಾರವೆ ಕಟ್ಟಲು ಜಾಗ ಇಲ್ಲದೆ ಹೊರಗಡೆ ಗಾರೆಯೇ ಆಗಲಿಲ್ಲ, ಬರೀ ಇಟ್ಟಿಗೆ. ಮಳೆ ನೀರು ಆ ಸಂದಿಗೆ ಇಳಿದರೆ ಒಣಗುವ ಮಾತೇ ಇಲ್ಲ. ಮಲಗುವ ಕೋಣೆಯ ಗೋಡೆಯಲ್ಲಿ ಆಳೆತ್ತರ ತೇವ, ಬಣ್ಣ ಹಪ್ಪಳದ ಹಾಗೆ ಎದ್ದಿದೆ. ರೇಷ್ಮೆ ಸೀರೆಗಳಿಗೆ ಬೂಷ್ಟು ಹಿಡಿಯಿತು ಅಂತ ಬೀರುವನ್ನೇ ಈಚೆಗೆ ಎಳೆದಿದ್ದಾರೆ. ಅಡುಗೆಮನೆಯಲ್ಲಿ ಮಟಮಟ ಮಧ್ಯಾಹ್ನ ಲೈಟು ಹಾಕಬೇಕು. ಇಷ್ಟಕ್ಕಾಗಿ ಆ ಜಾಗ ಒಳಗೆ ಹಾಕಿಕೊಳ್ಳಬೇಕಿತ್ತಾ?

ಹಿಂದಿನವರು ಈ ಪಾಠವನ್ನು ಹೆಣ ಹೊತ್ತು ಕಲಿತರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನ ಮನೆಗಳು ಖಾಲಿಯಾದವು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಭಯದಲ್ಲೇ. ನೇರ ರಸ್ತೆಗಳು, ಮನೆಗಳ ಬೆನ್ನಿಗೆ ಕಸ, ಹೊಲಸು ಸಾಗಿಸುವ ಕನ್ಸರ್ವೆನ್ಸಿ ಗಲ್ಲಿಗಳು, ಗಾಳಿ, ಬಿಸಿಲು. ಇವತ್ತಿಗೂ ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ನಡೆದು ನೋಡಿ, ಹಳೇ ಮನೆಗಳ ಕಾಂಪೌಂಡಿನ ಒಳಗೆ ಮಾವಿನ ಮರ, ಸಂಪಿಗೆ ಮರ ಉಳಿದಿವೆ. ಬಿಟ್ಟ ಜಾಗದಲ್ಲಿ ತಾನೇ ಅವು ಬೆಳೆದದ್ದು?

ಇನ್ನು ನೀರಿನ ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಸೈಟು ಸುಮಾರು 111 ಚದರ ಮೀಟರ್. ಒಂದು ಸಂಜೆ 50 ಮಿಲಿಮೀಟರ್ ಸುರಿದರೆ ಐದೂವರೆ ಸಾವಿರ ಲೀಟರ್, ಹೆಚ್ಚುಕಡಿಮೆ ಒಂದು ಟ್ಯಾಂಕರ್. ಮಣ್ಣೇ ಕಾಣದ ಹಾಗೆ ಸಿಮೆಂಟು ಬಳಿದ ರಸ್ತೆಯಲ್ಲಿ ಮನೆಗೊಂದು ಟ್ಯಾಂಕರ್ ನೀರು ಚರಂಡಿಗೆ ನುಗ್ಗುತ್ತೆ. ಆ ಮಳೆ ನೀರನ್ನು ಹೊತ್ತೊಯ್ಯುವ ರಾಜಕಾಲುವೆಯನ್ನು ನಾವು ಒತ್ತಿ ಒತ್ತಿ ಕಿರಿದು ಮಾಡಿದ್ದೇವೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು ಕಡೆ ನೀರು ನುಗ್ಗಿ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಅದೇ ಊರಿನಲ್ಲಿ ಬೇಸಿಗೆಗೆ ಬೋರ್‌ವೆಲ್ ಒಣಗುತ್ತೆ, ಟ್ಯಾಂಕರಿಗೆ ಕಾಯುತ್ತೇವೆ.

ನನಗೆ ಸಿಟ್ಟು ಬರುವುದು ನಿಮ್ಮ ಮೇಲಲ್ಲ. ನಿಯಮ ಮಾಡಿದವರೇ ಅಕ್ರಮ–ಸಕ್ರಮ ತಂದರು. ವಾಸದ ಮನೆಯಲ್ಲಿ ಸೆಟ್‌ಬ್ಯಾಕ್, ಅಂದರೆ ಸುತ್ತ ಬಿಡಬೇಕಾದ ಜಾಗವನ್ನು, ಅರ್ಧದವರೆಗೆ ನುಂಗಿದ್ದರೂ ದುಡ್ಡು ಕಟ್ಟಿದರೆ ಸಕ್ರಮ. 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆದರೂ ‘ಕಟ್ಟಿಬಿಡಿ ಸಾರ್, ಆಮೇಲೆ ನೋಡಿಕೊಳ್ಳೋಣ’ ಅನ್ನುವ ಮಾತು ನಿಂತಿಲ್ಲ. ಕಾನೂನು ಪಾಲಿಸಿದವನು ದಡ್ಡ ಅನ್ನಿಸುವ ಹಾಗೆ ಮಾಡಿದರಲ್ಲ, ಅದು ದೊಡ್ಡ ಅನ್ಯಾಯ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಬಡಾವಣೆಯಲ್ಲಿ 15% ಪಾರ್ಕು, ಆಟದ ಮೈದಾನಕ್ಕೆ, ಇನ್ನೂ 10% ನಾಗರಿಕ ಸೌಲಭ್ಯಕ್ಕೆ ಮೀಸಲಿಡಬೇಕು ಅಂತ ಕಾಯ್ದೆಯೇ ಇದೆ. ಆ ಜಾಗಗಳ ಮೇಲೂ ಎಲ್ಲರ ಕಣ್ಣು. ಫುಟ್‌ಪಾತ್ ಮಾಡುವವರು ಮರದ ಬುಡಕ್ಕೂ ಕಾಂಕ್ರೀಟು ಸುರಿದು ಹೋಗುತ್ತಾರೆ. ಒಂದು ಬೊಗಸೆ ಮಣ್ಣು ಕಂಡರೆ ಸಾಕು, ಮುಚ್ಚಿಬಿಡಬೇಕು ಇವರಿಗೆ.

ಪ್ಲಾನಿಗೆ ಸಹಿ ಹಾಕುವ ಮುಂಚೆ ಎಂಜಿನಿಯರ್ ಹತ್ತಿರ ಕೂತು ಮಾತಾಡಿ. ಅಡುಗೆಮನೆ ಕಿಟಕಿ ಬಿಟ್ಟ ಜಾಗದ ಕಡೆಗೇ ಇರಲಿ. ಮುಂದಿನ ಜಾಗಕ್ಕೆಲ್ಲ ಗ್ರಾನೈಟ್ ಹಾಸಬೇಡಿ. ಅಲ್ಲಿ ಇಂಗುಗುಂಡಿ ತೋಡಿಸಿ, ಪಾಯಕ್ಕೆ ತೀರಾ ಹತ್ತಿರ ಬೇಡ. ತಾರಸಿಯ ಪೈಪನ್ನು ಮೊದಲು ನೀರಿನ ಸಂಪ್‌ಗೆ ಬಿಡಿ, ಹೆಚ್ಚಾದದ್ದು ಗುಂಡಿಗೆ ಹೋಗಲಿ. ಪಕ್ಕದ ಸೈಟು ಇನ್ನೂ ಖಾಲಿ ಅಂದಿರಲ್ಲ, ಅವರು ಪಾಯ ತೆಗೆಯುವ ಮುಂಚೆಯೇ ಹೋಗಿ ಮಾತಾಡಿ. ನೀವು ಮೂರಡಿ, ಅವರು ಮೂರಡಿ ಬಿಟ್ಟರೆ ಇಬ್ಬರ ಕಿಟಕಿಗೂ ಆರಡಿ ಬೆಳಕು ಸಿಗುತ್ತೆ.