ನಿಮ್ಮ ನರತಂತುವಿಗೆ ಎಲ್ಲವೂ ಗೊತ್ತಿದೆಯಲ್ಲ!

ಪ್ರಿಯ ಲೇಖಕಿಯವರಿಗೆ, ನಮಸ್ಕಾರ.

ನಿಮ್ಮ ‘ನರಗಳ ದಾರಿ’ ಲೇಖನ ಬಂದು ಹತ್ತು ದಿನವಾಯಿತು. ಭ್ರೂಣದಲ್ಲಿ ನರಕೋಶದಿಂದ ಹೊರಟ ಎಳೆ ಎಲ್ಲಿಗೋ ಹೋಗಿ ಸರಿಯಾದ ಜಾಗ ಮುಟ್ಟುವುದು ಹೇಗೆ, ರಾಸಾಯನಿಕಗಳು ಅದಕ್ಕೆ ದಾರಿ ತೋರಿಸುವುದು ಹೇಗೆ ಅಂತ ನಾಲ್ಕು ಪುಟ ಬರೆದಿದ್ದೀರಿ. ಭಾಷೆ ಚೆನ್ನಾಗಿದೆ. ಕಾಗುಣಿತದ ತಪ್ಪಿಲ್ಲ. ವಿಜ್ಞಾನಿ ರೋಜರ್ ಸ್ಪೆರಿಯವರ ಕಪ್ಪೆಯ ಪ್ಯಾರಾವನ್ನಂತೂ ಮನೆಯಲ್ಲಿ ಜೋರಾಗಿ ಓದಿದೆ. 1940ರ ದಶಕದಲ್ಲಿ ಅವರು ಕಪ್ಪೆಯ ಕಣ್ಣಿನ ನರ ಕತ್ತರಿಸಿ, ಕಣ್ಣುಗುಡ್ಡೆಯನ್ನು ತಲೆಕೆಳಗು ಮಾಡಿ ಕೂರಿಸಿದರು. ನರ ಮತ್ತೆ ಬೆಳೆಯಿತು, ಕಣ್ಣು ಮತ್ತೆ ಕಂಡಿತು. ಆದರೆ ನೊಣ ಮೇಲಿದ್ದರೆ ನಾಲಿಗೆ ಕೆಳಕ್ಕೆ ಹೋಯಿತು. ಎಷ್ಟು ದಿನವಾದರೂ ಸರಿಹೋಗಲಿಲ್ಲ. ಅಂದರೆ ಎಳೆಗಳು ಮೆದುಳಿನಲ್ಲಿ ತಮ್ಮ ಹಳೆಯ ಜಾಗಗಳಿಗೇ ಹೋಗಿ ಸೇರಿದ್ದವು. ಇದನ್ನು ಕೇಳಿ ನನ್ನ ಹೆಂಡತಿ ಕಾಫಿ ಲೋಟ ಕೆಳಗಿಟ್ಟು ‘ಪಾಪ’ ಅಂದಳು. ಆ ‘ಪಾಪ’ ನಿಮಗೆ ಸಲ್ಲುತ್ತದೆ.

ಇನ್ನು ಜಗಳ.

ನಿಮ್ಮ ಎರಡನೇ ಪುಟದ ಮೊದಲ ಸಾಲು: ‘ಪ್ರತಿ ನರತಂತುವಿಗೂ ತಾನು ಎಲ್ಲಿಗೆ ಹೋಗಬೇಕೆಂದು ಗೊತ್ತಿರುತ್ತದೆ.’ ಯಾರಿಗೆ ಗೊತ್ತಿರುತ್ತದೆ? ಎಲ್ಲಿ ಗೊತ್ತಿರುತ್ತದೆ? ಪೆನ್ಸಿಲ್ ಹಿಡಿದು ಎಣಿಸಿದೆ. ನಾಲ್ಕು ಪುಟದಲ್ಲಿ ‘ಗೊತ್ತಿರುತ್ತದೆ’ ಏಳು ಸಲ ಬಂದಿದೆ, ‘ಬಯಸುತ್ತದೆ’ ಮೂರು ಸಲ. ಹೇಗೆ ಅಂತ ಹೇಳಬೇಕಾದ ಜಾಗದಲ್ಲೆಲ್ಲ ಈ ಎರಡರಲ್ಲಿ ಒಂದು ಬಂದು ಕೂತಿದೆ.

ಈ ಪದ ಕಂಡರೆ ನನಗೆ ಮೈ ಉರಿಯುವುದಕ್ಕೆ ಕಾರಣ ಇದೆ. 1982ರಲ್ಲಿ ನಾನು ಬೆಂಗಳೂರಿನ ಒಂದು ವಾರಪತ್ರಿಕೆಗೆ ಸೇರಿದೆ. ಆಗಿನ್ನೂ ಅಚ್ಚಿನ ಮೊಳೆ ಜೋಡಿಸುವ ಕಾಲ. ನಮ್ಮ ಕಂಪೋಸಿಟರ್ ಓದಿದ್ದು ನಾಲ್ಕನೇ ಕ್ಲಾಸು, ಆದರೆ ಪತ್ರಿಕೆಯ ಪ್ರತಿ ಅಕ್ಷರವೂ ಅವರ ಬೆರಳಿನಿಂದಲೇ ಹಾದುಹೋಗುತ್ತಿತ್ತು. ಗಿಡಗಳ ಬಗ್ಗೆ ಬರೆದ ನನ್ನ ಮೊದಲ ಅಂಕಣದಲ್ಲಿ ‘ಬೇರು ನೀರನ್ನು ಹುಡುಕಿಕೊಂಡು ಹೋಗುತ್ತದೆ’ ಅಂತ ಒಂದು ಸಾಲಿತ್ತು. ಅವರು ಅರ್ಧ ಜೋಡಿಸಿ ನಿಲ್ಲಿಸಿದರು. ‘ಸಾರ್, ನೀರು ಆ ಕಡೆ ಐತೆ ಅಂತ ಬೇರಿಗೆ ಯಾರು ಹೇಳಿದ್ರು?’ ನಾನು ‘ಅದನ್ನ ಹಂಗೇ ಬರೆಯೋದು’ ಅಂದೆ. ‘ಹಂಗಲ್ಲ, ನೀವು ಹೇಳಿ, ಅದನ್ನೇ ಜೋಡಿಸ್ತೀನಿ’ ಅಂತ ಕೈ ಕಟ್ಟಿ ಕೂತರು. ನನ್ನ ಹತ್ತಿರ ಹೇಳುವುದಕ್ಕೆ ಏನೂ ಇರಲಿಲ್ಲ. ಆ ವಾರ ನನ್ನ ಅಂಕಣದ ಕೊನೆಯ ಪ್ಯಾರಾ ಇರಬೇಕಾದ ಜಾಗದಲ್ಲಿ ಹಪ್ಪಳದ ಜಾಹೀರಾತು ಬಂತು.

ಆ ಪ್ರಶ್ನೆಯನ್ನೇ ಈಗ ನಿಮಗೆ ಕೇಳುತ್ತಿದ್ದೇನೆ. ಎಳೆಗೆ ಯಾರು ಹೇಳಿದ್ರು?

ಉತ್ತರ ನಿಮ್ಮ ಲೇಖನದಲ್ಲೇ ಇದೆ, ಕಾಲು ಸಾಲಿನಷ್ಟು. ಎಳೆಯ ಮುಂದಿನ ತುದಿ ಅಗಲವಾಗಿ, ಬೆರಳು ಬಿಟ್ಟ ಅಂಗೈ ತರಹ ಇರುತ್ತದೆ. ಸ್ಪೇನ್‌ನ ರಾಮೋನ್ ಇ ಕಹಾಲ್ 1890ರಲ್ಲಿ ಕೋಳಿ ಭ್ರೂಣದಲ್ಲಿ ಇದನ್ನು ಗುರುತಿಸಿದರು. ಅವರು ನೋಡಿದ್ದು ಬಣ್ಣ ಹಾಕಿದ, ಸತ್ತ ಕೋಶಗಳನ್ನು. ಅದು ಜೀವಂತವಾಗಿ ಚಲಿಸುತ್ತಿತ್ತು ಅಂತ ಊಹಿಸಿದರು, ರಾಸಾಯನಿಕಗಳೇ ಅದನ್ನು ಸೆಳೆಯುತ್ತಿರಬೇಕು ಅಂತಲೂ ಹೇಳಿದರು. ಆ ಬೆರಳುಗಳು ಸುತ್ತ ತಡಕಾಡುತ್ತವೆ. ಮೇಲ್ಮೈಯಲ್ಲಿ ರಾಸಾಯನಿಕ ಸಂಕೇತಗಳನ್ನು ಹಿಡಿಯುವ ಗ್ರಾಹಕ ಪ್ರೋಟೀನುಗಳಿವೆ. ಒಂದು ಪಕ್ಕದ ಗ್ರಾಹಕಗಳಿಗೆ ಸಂಕೇತ ಜಾಸ್ತಿ ತಾಗಿದರೆ ಆ ಪಕ್ಕದಲ್ಲಿ ಒಳಗಿನ ಆಕ್ಟಿನ್ ಅನ್ನುವ ಪ್ರೋಟೀನಿನ ನೂಲುಗಳು ಕಟ್ಟಿಕೊಳ್ಳುತ್ತವೆ, ತುದಿ ಅತ್ತ ವಾಲುತ್ತದೆ. ವಿಕರ್ಷಿಸುವ ಸಂಕೇತವಾದರೆ ತಾಗಿದ ಪಕ್ಕದಲ್ಲೇ ನೂಲು ಕಳಚುತ್ತದೆ, ತುದಿ ಬೇರೆ ಕಡೆ ತಿರುಗುತ್ತದೆ. ಇಲ್ಲಿ ಬಯಕೆಗೆ ಜಾಗ ಎಲ್ಲಿದೆ, ಹೇಳಿ?

ಮುಂದಿನ ಸಾಲು: ‘ದೂರದ ಗುರಿಯಿಂದ ಬರುವ ಘಮಕ್ಕೆ ಮರುಳಾಗಿ, ಸಂಪಿಗೆಗೆ ದುಂಬಿ ಬಂದಂತೆ ಅದು ಧಾವಿಸುತ್ತದೆ.’ ಮೊದಲನೆಯದಾಗಿ, ಸಂಪಿಗೆಗೆ ದುಂಬಿ ಬರುವುದಿಲ್ಲ ಅನ್ನುವುದು ನಮ್ಮ ಹಳೆಯ ಕವಿಗಳ ಹಳೆಯ ದೂರು. ಹೋಗಲಿ ಬಿಡಿ. ನೀವು ಕೊಟ್ಟ ಉದಾಹರಣೆ ಬೆನ್ನುಹುರಿಯದು. ಬೆನ್ನಿನ ಪಕ್ಕದಿಂದ ಹೊರಟ ಎಳೆಗಳು ಹೊಟ್ಟೆಯ ಪಕ್ಕದ ಮಧ್ಯರೇಖೆಯ ಕಡೆ ಇಳಿಯುತ್ತವೆ. ಆದರೆ ಅಲ್ಲಿ ನಿಲ್ಲುವುದಿಲ್ಲ. ದಾಟಿ ಆಚೆ ಹೋಗಿ, ತಲೆಯ ಕಡೆ ತಿರುಗಿ ಹೊರಡುತ್ತವೆ. ನೀವು ಗುರಿ ಅಂತ ಕರೆದದ್ದು ದಾರಿ ನಡುವಿನ ಒಂದು ಸ್ಟಾಪು ಅಷ್ಟೇ. ಘಮಕ್ಕೆ ಮರುಳಾದ ದುಂಬಿ ಹೂವಿನ ಮೇಲೆ ಕೂತು, ತಕ್ಷಣ ಎದ್ದು, ಮತ್ತೆ ಆ ಕಡೆ ತಿರುಗಿಯೂ ನೋಡದೆ ಹೋಗುವುದು ಯಾಕೆ?

ಇಡೀ ಕಥೆಯ ರುಚಿ ಇರುವುದು ಇಲ್ಲೇ, ನೀವು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಎಳೆಯನ್ನು ಸೆಳೆಯುವ ನೆಟ್ರಿನ್ ಅನ್ನುವ ಪ್ರೋಟೀನನ್ನು ಬಿಡುವ ಆ ಮಧ್ಯರೇಖೆಯ ಕೋಶಗಳೇ ಸ್ಲಿಟ್ ಅನ್ನುವ ಇನ್ನೊಂದು ಪ್ರೋಟೀನನ್ನೂ ಬಿಡುತ್ತವೆ. ಅದು ದೂಡುವ ಪ್ರೋಟೀನು. ಅದನ್ನು ಹಿಡಿಯುವ ಗ್ರಾಹಕದ ಹೆಸರು ರೋಬೋ. ಹಣ್ಣುನೊಣದಲ್ಲಿ ದಾಟುವ ಮುಂಚೆ ಎಳೆಯ ಮೇಲ್ಮೈಯಲ್ಲಿ ರೋಬೋ ತುಂಬಾ ಕಡಿಮೆ, ದಾಟಿದ ಮೇಲೆ ಜಾಸ್ತಿ. ಹಾಗಾಗಿ ಒಮ್ಮೆ ದಾಟಿದ ಎಳೆ ಹಿಂದೆ ಬರುವಂತಿಲ್ಲ. ರೋಬೋ ಇಲ್ಲದ ನೊಣಗಳಲ್ಲಿ ಎಳೆಗಳು ಆಚೆಯಿಂದ ಈಚೆ, ಈಚೆಯಿಂದ ಆಚೆ ಮತ್ತೆ ಮತ್ತೆ ದಾಟುತ್ತಾ ಸುತ್ತು ಹೊಡೆಯುತ್ತವೆ. 1993ರಲ್ಲಿ ಅದನ್ನು ಕಂಡವರು ಆ ಜೀನಿಗೆ ‘ರೌಂಡಬೌಟ್’ ಅಂತ ಹೆಸರಿಟ್ಟರು, ರೋಬೋ ಅದರದೇ ಮೊಟಕು ರೂಪ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸರ್ಕಲ್. ಎಕ್ಸಿಟ್ ತಪ್ಪಿಸಿಕೊಂಡು ಸರ್ಕಲ್ ಸುತ್ತುವ ಆಟೋ ನಿಮ್ಮ ಓದುಗರಿಗೆ ಸಂಪಿಗೆಗಿಂತ ಬೇಗ ಅರ್ಥವಾಗುತ್ತದೆ ಅಲ್ವಾ?

ಆ ‘ದೂರದ’ ಅನ್ನುವ ಪದವನ್ನೂ ನೋಡಿಕೊಳ್ಳಿ. ನೆಟ್ರಿನ್ ಮಧ್ಯರೇಖೆಯಿಂದ ತೇಲಿ ಬಂದು ಎಳೆಯನ್ನು ದೂರದಿಂದಲೇ ಸೆಳೆಯುತ್ತದೆ ಅಂತ ಎರಡು ದಶಕಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕಗಳಲ್ಲಿ ಇತ್ತು. 2017ರಲ್ಲಿ ಇಲಿಗಳಲ್ಲಿ ಮಧ್ಯರೇಖೆಯ ನೆಟ್ರಿನ್ ಒಂದನ್ನೇ ತೆಗೆದು ನೋಡಿದರು. ಹಿಮ್ಮೆದುಳಿನಲ್ಲಿ ಎಳೆಗಳು ಆರಾಮಾಗಿ ದಾಟಿದವು. ದಾರಿಯ ಪಕ್ಕದ ಬೇರೆ ಕೋಶಗಳೂ ನೆಟ್ರಿನ್ ಮಾಡುತ್ತವೆ. ಅದು ದಾರಿಗೇ ಅಂಟಿಕೊಂಡು, ಎಳೆಗೆ ಹೆಜ್ಜೆ ಹೆಜ್ಜೆಗೂ ಹಿಡಿತ ಕೊಡುವಂತಿದೆ. ಘಮಕ್ಕಿಂತ ಜಾಸ್ತಿ, ಕಾಲಿಗೆ ತಾಗುವ ನೆಲದ ಹಾಗೆ. ಎಳೆ ಘಮಕ್ಕೆ ಮರುಳಾಯಿತು ಅಂತ ಬರೆದುಬಿಟ್ಟರೆ ಇದನ್ನು ಹೇಳುವುದಕ್ಕೆ ಜಾಗವೇ ಉಳಿಯುವುದಿಲ್ಲ.

ಈಗ ನನಗೆ ರಾತ್ರಿ ನಿದ್ದೆ ಕೆಡಿಸಿದ ಸಾಲು: ‘ನೆಟ್ರಿನ್ ಎಂಬ ಹೆಸರು ಸಂಸ್ಕೃತದ ನೇತ್ರ ಪದದಿಂದ ಬಂದಿದೆ, ಅದು ನರಕ್ಕೆ ಕಣ್ಣಿದ್ದಂತೆ.’

ಅಯ್ಯೋ. ಹೆಸರು ಸಂಸ್ಕೃತದ್ದೇ, ಒಪ್ಪಿದೆ. ಆದರೆ ಪದ ನೇತೃ, ಅಂದರೆ ಮುಂದೆ ನಿಂತು ಕರೆದೊಯ್ಯುವವನು. ನೇತೃತ್ವ, ನೇತಾರ ಅಂತ ದಿನಾ ಪತ್ರಿಕೆಯಲ್ಲಿ ಓದುತ್ತೀರಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಟೆಸ್ಸಿಯೇ-ಲವೀನ್ ಅವರ ತಂಡ ಸುಮಾರು 25,000 ಕೋಳಿ ಭ್ರೂಣಗಳ ಮೆದುಳನ್ನು ಅರೆದು, ಸೋಸಿ, 1994ರಲ್ಲಿ ಈ ಪ್ರೋಟೀನನ್ನು ಬೇರ್ಪಡಿಸಿ ಆ ಹೆಸರಿಟ್ಟಿತು. ನೇತ್ರ, ನೇತೃ ಎರಡೂ ಒಂದೇ ಧಾತುವಿನ ಮಕ್ಕಳು ಅಂತ ನೀವು ವಾದಿಸಬಹುದು. ನಿಜ. ಅಣ್ಣತಮ್ಮಂದಿರಾದ ಮಾತ್ರಕ್ಕೆ ಒಬ್ಬನ ಕಾಗದವನ್ನು ಇನ್ನೊಬ್ಬನ ಮನೆಗೆ ಹಾಕುತ್ತೀರಾ?

ಜೊತೆಗೆ ಒಂದು ತಮಾಷೆ ಕೈತಪ್ಪಿಸಿಕೊಂಡಿದ್ದೀರಿ. ನೆಟ್ರಿನ್ ಎಲ್ಲರನ್ನೂ ಕರೆಯುವುದಿಲ್ಲ. ಡಿಸಿಸಿ ಅನ್ನುವ ಗ್ರಾಹಕ ಇರುವ ಎಳೆ ಹತ್ತಿರ ಬರುತ್ತದೆ, ಜೊತೆಗೆ ಅನ್ಕ್-5 ಕೂಡ ಇದ್ದರೆ ದೂರ ಸರಿಯುತ್ತದೆ. ಕಣ್ಣುಗುಡ್ಡೆಯನ್ನು ತಿರುಗಿಸುವ ಒಂದು ಸ್ನಾಯುವಿನ ನರವಿದೆಯಲ್ಲ, ಅದರ ಎಳೆಗಳು ನೆಟ್ರಿನ್‌ನಿಂದ ದೂರ ಸರಿಯುತ್ತವೆ ಅಂತ 1995ರಲ್ಲೇ ಅದೇ ಪ್ರಯೋಗಾಲಯ ತೋರಿಸಿತು. ನಿಮ್ಮ ನೇತ್ರದ ನರವೇ ನಿಮ್ಮ ‘ನೇತ್ರ’ವನ್ನು ಕಂಡರೆ ಓಡುತ್ತದೆ!

ಮೂರು, ನಾಲ್ಕನೇ ಪುಟಗಳ ಬಗ್ಗೆ ನಾನೇನೂ ಹೇಳುತ್ತಿಲ್ಲ. ಓದಿದ್ದೇನೆ, ಅಲ್ಲಿ ಜಗಳವಿಲ್ಲ. ‘ಗೊತ್ತಿರುತ್ತದೆ’ ಏಳನ್ನೂ ಹೊಡೆದುಹಾಕಿ ಇನ್ನೊಮ್ಮೆ ಬರೆದು ಕಳಿಸಿ. ಪದ ಜಾಸ್ತಿಯಾದರೆ ಚಿಂತೆ ಬೇಡ, ಜಾಗ ಮಾಡುತ್ತೇನೆ. ಸಂಪಿಗೆ ಬೇಡ. ಕಪ್ಪೆ ಇರಲಿ.

ಇಂತು,
ಸಂಪಾದಕ